ಹುಟ್ಟಿದ ನರಕೋಶಕ್ಕೆ ತಾರೀಖು ಹಚ್ಚುವ ಕೆಲಸ: ನನ್ನ ಅನುಭವ

ಬೆಳೆದ ಇಲಿಯ ಮೆದುಳಿನಲ್ಲಿ ದಿನಾ ಸಾವಿರಾರು ಹೊಸ ನರಕೋಶಗಳು ಹುಟ್ಟುತ್ತವೆ. ಹುಟ್ಟುವುದು ಒಂದು ಕಡೆ, ನೆಲೆಯೂರುವುದು ಇನ್ನೊಂದು ಕಡೆ. ಮೆದುಳಿನೊಳಗೆ ನೀರು ತುಂಬಿದ ಕೋಣೆಗಳಿವೆ, ವೆಂಟ್ರಿಕಲ್ ಅಂತಾರೆ. ಅದರ ಪಕ್ಕದ ಗೋಡೆಯಲ್ಲಿ ಕಾಂಡಕೋಶಗಳು, ಅಂದರೆ ಒಡೆದು ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು, ಇರುತ್ತವೆ. ಅಲ್ಲಿಂದ ಹೊರಟ ಎಳೆಯ ಕೋಶಗಳು ಮೂಗಿನ ಹಿಂದಿರುವ ಆಲ್ಫ್ಯಾಕ್ಟರಿ ಬಲ್ಬ್ ಸೇರುತ್ತವೆ. ವಾಸನೆಯ ಸುದ್ದಿ ಮೆದುಳಿನಲ್ಲಿ ಮೊದಲು ತಲುಪುವ ಜಾಗ ಅದು. ಪುಣೆಯ ಲ್ಯಾಬಿನಲ್ಲಿ ನಾನು ಬೆನ್ನು ಹತ್ತಿದ್ದು ಈ ಪಯಣವನ್ನೇ.

1960ರ ದಶಕದಲ್ಲೇ ಜೋಸೆಫ್ ಆಲ್ಟ್‌ಮನ್ ಇದನ್ನು ಕಂಡಿದ್ದರು. ಬಹಳ ಕಾಲ ಯಾರೂ ಕಿವಿಗೊಡಲಿಲ್ಲ. 1992ರಲ್ಲಿ ರೆನಾಲ್ಡ್ಸ್ ಮತ್ತು ವೈಸ್ ಬೆಳೆದ ಇಲಿಯ ಮೆದುಳಿನಿಂದ ಕಾಂಡಕೋಶ ಬೆಳೆಸಿ ತೋರಿಸಿದ ಮೇಲೆ ಗಾಳಿ ತಿರುಗಿತು. 1994ರಲ್ಲಿ ಲೋಯಿಸ್ ಮತ್ತು ಆಲ್ವಾರೆಜ್-ಬುಯ್ಯಾ ದಾರಿಯನ್ನೇ ಗುರುತಿಸಿದರು.

ಕಷ್ಟ ಏನಂದರೆ, ನನ್ನ ಪ್ರಯೋಗದಲ್ಲಿ ಈ ಪಯಣವನ್ನು ಕೂತು ನೋಡುವ ಹಾಗಿರಲಿಲ್ಲ. ಒಂದು ಮೆದುಳು ಒಂದೇ ಕ್ಷಣವನ್ನು ತೋರಿಸುತ್ತದೆ. ಅದಕ್ಕೇ ಬಿಆರ್‌ಡಿಯು ಅನ್ನುವ ಗುರುತಿನ ರಾಸಾಯನಿಕ ಚುಚ್ಚುತ್ತೇವೆ. ಆ ಹೊತ್ತಿನಲ್ಲಿ ಡಿಎನ್‌ಎ ನಕಲು ಮಾಡುತ್ತಿರುವ ಕೋಶಗಳು ಅದನ್ನು ಡಿಎನ್‌ಎಯದೇ ಒಂದು ಘಟಕವಾದ ಥೈಮಿಡಿನ್ ಜಾಗದಲ್ಲಿ ಸೇರಿಸಿಕೊಳ್ಳುತ್ತವೆ. ಒಂದೆರಡು ಗಂಟೆಯಲ್ಲಿ ಉಳಿದದ್ದು ಮೈಯಿಂದ ಹೋಗಿಬಿಡುತ್ತದೆ. ಅಂದರೆ ಕೋಶಕ್ಕೆ ಹುಟ್ಟಿದ ತಾರೀಖು ಹಚ್ಚಿದ ಹಾಗೆ. ಪ್ರಾಣಿ ಪ್ರಯೋಗದ ಒಪ್ಪಿಗೆ ಪಡೆದು, ಒಂದೇ ದಿನ ಚುಚ್ಚಿದ ಇಲಿಗಳ ಮೆದುಳನ್ನು ಬೇರೆ ಬೇರೆ ದಿನ ತೆಗೆದೆ. ಆ ದಿನಗಳನ್ನು ಆರಿಸುವುದರಲ್ಲೇ ಅರ್ಧ ಕೆಲಸ ಇದೆ.

ಇನ್ನರ್ಧ, ಕೊಯ್ಯುವ ದಿಕ್ಕಿನಲ್ಲಿ. ನಮ್ಮ ಲ್ಯಾಬಿನ ತಂತ್ರಜ್ಞರು ವಿಜಯಪುರದ ಕಡೆಯವರು. "ಅಡ್ಡ ಕೊಯ್ದ್ರ ಬರೇ ಚುಕ್ಕಿ ಕಾಣ್ತಾವ ಅಕ್ಕಾರ, ಉದ್ದಕ ಕೊಯ್ಯೋಣ್ರಿ" ಅಂದರು. ನೂರಕ್ಕೆ ನೂರು ನಿಜ. ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ, ಉದ್ದಕ್ಕೆ ಕೊಯ್ದರೆ ಇಡೀ ದಾರಿ ಕೆಲವೇ ಸೀಳುಗಳಲ್ಲಿ ಸಿಗುತ್ತದೆ. ವೆಂಟ್ರಿಕಲ್ ಬಳಿಯಿಂದ ಕೆಳಕ್ಕಿಳಿದು, ತಿರುಗಿ, ನೇರ ಬಲ್ಬಿಗೆ ಹೋಗುತ್ತದೆ.

ಸೀಳಿನ ದಪ್ಪ 40 ಮೈಕ್ರಾನ್. ಆಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 37 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ. ಡಿಎನ್‌ಎಯ ಎರಡು ಎಳೆ ಬಿಡಿಸದಿದ್ದರೆ ಗುರುತನ್ನು ಹುಡುಕಿ ಅಂಟಿಕೊಳ್ಳುವ ಪ್ರತಿಕಾಯಕ್ಕೆ (ಆಂಟಿಬಾಡಿ) ಒಳಗಿನ ಬಿಆರ್‌ಡಿಯು ಸಿಗುವುದಿಲ್ಲ. ಆಮ್ಲದಿಂದ ಹೊರಬಂದ ಸೀಳು ಮೆತ್ತಗಾಗಿ ಸುರುಳಿ ಸುತ್ತುತ್ತದೆ. ಚಿಮಟ ತಾಗಿದರೆ ಹರಿಯಿತು. ಅಪ್ಪಾ ಬಳವಂತ ಚೌಕದಲ್ಲಿ ತಂದ ಅತಿ ಸಣ್ಣ ಜಲವರ್ಣದ ಕುಂಚವೇ ನನ್ನ ಕೈ ಹಿಡಿದದ್ದು. ಸೀಳನ್ನು ನೀರಿನಲ್ಲಿ ತೇಲಿಸಿ, ಒಂದು ಅಂಚನ್ನು ಗಾಜಿಗೆ ಹಿಡಿಸಿ, ಉಳಿದದ್ದನ್ನು ಮೆಲ್ಲಗೆ ಬಿಡಿಸಬೇಕು. ಮಳೆಗಾಲದಲ್ಲಿ ಗಾಜು ಒಣಗುವುದಕ್ಕೂ ಜಾಸ್ತಿ ಹೊತ್ತು ಬೇಕು.

ಚುಚ್ಚಿದ ಎರಡು ಗಂಟೆಗೆ ತೆಗೆದ ಮೆದುಳಿನಲ್ಲಿ ಗುರುತು ಹೆಚ್ಚಾಗಿ ವೆಂಟ್ರಿಕಲ್ ಗೋಡೆಯಲ್ಲಿ. ಮೂರನೇ ದಿನ ದಾರಿ ತುಂಬಿರುತ್ತದೆ. ಎಳೆಯ ನರಕೋಶಗಳಲ್ಲಿರುವ ಡಬಲ್‌ಕಾರ್ಟಿನ್ ಪ್ರೋಟೀನಿಗೆ ಬಣ್ಣ ಹಾಕಿ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಒಂದೊಂದು ಕೋಶವೂ ಉದ್ದಕ್ಕೆ ಚಾಚಿಕೊಂಡು, ಮುಂದೆ ಒಂದು ಎಳೆ ಬಿಟ್ಟು, ಇರುವೆ ಸಾಲಿನಂತೆ ಒಂದರ ಬೆನ್ನಿಗೆ ಇನ್ನೊಂದು. ಸುತ್ತ ಆಸ್ಟ್ರೋಸೈಟ್ ಅನ್ನುವ ಆಸರೆ ಕೋಶಗಳ ಕೊಳವೆ. ವಾರ ಕಳೆಯುವಾಗ ಬಲ್ಬಿನ ನಡುವೆ ಸಾಲು ಮುರಿದು, ಒಂಟಿಯಾಗಿ ಹೊರಪದರಗಳ ಕಡೆ ಹೊರಡುತ್ತವೆ. ಬಹುಪಾಲು ಗ್ರ್ಯಾನ್ಯೂಲ್ ಅನ್ನುವ ಸಣ್ಣ ನರಕೋಶಗಳಾಗುತ್ತವೆ, ಸ್ವಲ್ಪ ಮಾತ್ರ ಮೇಲೆ, ಮೂಗಿನ ನರಗಳು ಬಂದು ಸೇರುವ ಗ್ಲೊಮೆರುಲಸ್ ಉಂಡೆಗಳ ಸುತ್ತ ಕೂರುತ್ತವೆ. ಹದಿನೈದರಿಂದ ಮೂವತ್ತು ದಿನದಲ್ಲಿ ಕೊಂಬೆ ಬಿಟ್ಟು ಬಲಿಯುತ್ತವೆ.

ಎಣಿಕೆ ಅಲ್ಲಿಗೇ ನಿಲ್ಲಿಸಬಾರದು. 15ನೇ ದಿನದಿಂದ 45ನೇ ದಿನದೊಳಗೆ ಸುಮಾರು ಅರ್ಧ ಕೋಶಗಳು ಸಾಯುತ್ತವೆ. ಯಾವುದು ಉಳಿಯುತ್ತದೆ ಅನ್ನುವುದಕ್ಕೆ ವಾಸನೆಯ ಅನುಭವವೂ ಕಾರಣ. ಒಂದು ಮೂಗಿನ ಹೊಳ್ಳೆ ಮುಚ್ಚಿದರೆ ಆ ಕಡೆಯ ಬಲ್ಬಿನಲ್ಲಿ ಉಳಿಯುವವು ಕಡಿಮೆ. ಹೊಸ ಹೊಸ ವಾಸನೆ ಕೊಟ್ಟರೆ ಜಾಸ್ತಿ. ಹುಟ್ಟಿದ್ದು ಎಷ್ಟು ಅಂತ ಮಾತ್ರ ಎಣಿಸಿದರೆ ಕಥೆಯ ಮುಖ್ಯ ಭಾಗವೇ ಕೈತಪ್ಪುತ್ತದೆ, ಅಲ್ವಾ?

ಇನ್ನೊಂದು ವಿಷಯ. ಎರಡು ಗಂಟೆಯ ಗುರುತು ಸಿಕ್ಕಿದ್ದೆಲ್ಲ ಕಾಂಡಕೋಶ ಅಲ್ಲ. ಬೇಗ ಬೇಗ ಒಡೆಯುವ ನಡುವಿನ ಕೋಶಗಳೇ ಅದರಲ್ಲಿ ಹೆಚ್ಚು. ಕಾಂಡಕೋಶಗಳು ಆಸ್ಟ್ರೋಸೈಟ್‌ನ ರೂಪದವು ಅಂತ ಆಲ್ವಾರೆಜ್-ಬುಯ್ಯಾ ತಂಡ 1999ರಲ್ಲಿ ತೋರಿಸಿತು. ಅವು ಒಡೆಯುವುದು ನಿಧಾನ, ಹಾಗಾಗಿ ಗುರುತು ಬೇಗ ಮಾಸುವುದಿಲ್ಲ. ತಿಂಗಳ ಮೇಲೂ ವೆಂಟ್ರಿಕಲ್ ಗೋಡೆಯಲ್ಲೇ ಗುರುತು ಉಳಿಸಿಕೊಂಡಿರುವ ಕೋಶ ಕಂಡರೆ, ಅಲ್ಲಿ ನಿಂತು ನೋಡಬೇಕು, ಅದು ಕಾಂಡಕೋಶವೇ ಇರಬಹುದು.

ಪುಣೆಯ ಕನ್ನಡದ ಹಿರಿಯರು ಸಿಕ್ಕಾಗ ಕೇಳುತ್ತಾರೆ, "ಕೋವಿಡ್ ಬಂದಾಗ ವಾಸನೆ ಹೋಗಿತ್ತಲ್ಲಮ್ಮ, ತಿರುಗಿ ಬಂದದ್ದು ಇದರಿಂದಲಾ?" ಇಲ್ಲ. ಮನುಷ್ಯರಲ್ಲಿ ಈ ಕೋಶಗಳ ಓಡಾಟ ಹಸುಗೂಸಿನ ವಯಸ್ಸಿನಲ್ಲಿ ಜೋರು. ಒಂದೂವರೆ ವರ್ಷ ದಾಟುವಷ್ಟರಲ್ಲಿ ಬಹುತೇಕ ನಿಂತಿರುತ್ತದೆ. 2012ರಲ್ಲಿ, ಕೋಶ ಹುಟ್ಟಿದ ಕಾಲ ತಿಳಿಯಲು ಅದರ ಡಿಎನ್‌ಎಯಲ್ಲಿನ ಕಾರ್ಬನ್-14 ಅಳೆದಾಗ, ದೊಡ್ಡವರ ಬಲ್ಬಿನ ನರಕೋಶಗಳು ಹೆಚ್ಚುಕಡಿಮೆ ಅವರಷ್ಟೇ ವಯಸ್ಸಿನವು ಅಂತ ಗೊತ್ತಾಯಿತು. ಮೂಗಿನ ಒಳಪದರದಲ್ಲಿ ವಾಸನೆ ಹಿಡಿಯುವ ಕೋಶಗಳು ಮಾತ್ರ ನಮ್ಮಲ್ಲೂ ಮತ್ತೆ ಹುಟ್ಟುತ್ತವೆ. ಅಲ್ಲಿ ಬೇರೆಯೇ ಕಾಂಡಕೋಶಗಳಿವೆ.