ಅಂಬಾಸಿಡರ್ ಮ್ಯಾನಿಫೋಲ್ಡ್: ಗ್ರಾನೈಟ್ ಕಲ್ಲಿನ ಮೇಲೆ ಉಜ್ಜಿ ಕೂರಿಸಿದ ನನ್ನ ಅನುಭವ

"ಗುಜರಿ ಮ್ಯಾನಿಫೋಲ್ಡ್ ಹಾಕಿದರೆ ಎರಡು ತಿಂಗಳೂ ಬರ್ಲಿಕ್ಕಿಲ್ಲ" ಅಂದವರು ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲೇ ನಾಲ್ಕೈದು ಜನ ಇದ್ದಾರೆ. ಈಗ ಎರಡು ಮಳೆಗಾಲ ಕಳೆಯಿತು. ಮ್ಯಾನಿಫೋಲ್ಡ್ ಅಂದರೆ ಇಂಜಿನಿನ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸೇರಿಸುವ ಬೀಡಿನ (ಎರಕದ ಕಬ್ಬಿಣದ) ಕೊಳವೆ. ಅದರ ಮತ್ತು ಇಂಜಿನಿನ ನಡುವಿನ ಗಾಸ್ಕೆಟ್ ಅದೇ ಉಂಟು. ಹೊಗೆ ಇಲ್ಲ, ಸದ್ದೂ ಇಲ್ಲ. ಇನ್ನು ಬರೆಯಬಹುದು ಅನಿಸಿತು.

ಕಾರು 1977ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್. ಅದೇ 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಇಂಜಿನ್. ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ. ಅಂದರೆ ನಮ್ಮ ಜಿಲ್ಲೆಗಿಂತ ಕಾರಿಗೆ ಪ್ರಾಯ ಜಾಸ್ತಿ. ಅಪ್ಪನ ಕಾರು, ಕೊಡುವ ಮಾತಿಲ್ಲ. ಹಾಗಂತ ಸುಮ್ನೆ ದುಡ್ಡು ಸುರಿಯಲಿಕ್ಕೂ ಆಗುವುದಿಲ್ಲ ಅಲ್ವಾ? ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಮ್ಯಾನಿಫೋಲ್ಡ್, ಗಾಸ್ಕೆಟ್, ಮಜೂರಿ ಎಲ್ಲ ಸೇರಿ 18,000 ರೂಪಾಯಿಯ ಹತ್ತಿರ ಹೇಳಿದರು. ಅಡಕೆಗೆ ಕೊಳೆರೋಗ ಬಂದ ವರ್ಷ ಅದು. ಮನೆಯಲ್ಲಿ ಆ ಅಂಕಿ ಬಾಯಿಗೆ ತರುವ ಧೈರ್ಯ ನನಗಿರಲಿಲ್ಲ.

ಕಾರಿನ ರೋಗ ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್. ಇಂಜಿನ್ ಬಿಸಿಯಾದ ಮೇಲೆ ಸದ್ದು ಅರ್ಧ ಇಳಿಯುತ್ತದೆ. ಬೀಡು ಬಿಸಿಗೆ ಹಿಗ್ಗಿ ಮ್ಯಾನಿಫೋಲ್ಡಿನ ಬಿರುಕು ತಾನೇ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಇದನ್ನು ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಸದ್ದು ಅಂತ ಹೇಳಿ ಎರಡು ಗ್ಯಾರೇಜಿನವರು ಟ್ಯಾಪೆಟ್ ಸೆಟ್ ಮಾಡಿ ದುಡ್ಡು ತೆಗೆದುಕೊಂಡರು. ಕೊನೆಗೆ ತೋಟಕ್ಕೆ ನೀರು ಬಿಡುವ ಪೈಪಿನ ಒಂದು ತುಂಡು ತಂದೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮ್ಯಾನಿಫೋಲ್ಡಿನ ಉದ್ದಕ್ಕೆ. ಮಧ್ಯದ ಬಾಯಿಯ ಹತ್ತಿರ ಹಿಡಿದರೆ ಕಿವಿಗೆ ಹೊಡೆದಷ್ಟು ಸದ್ದು. ಈ ಇಂಜಿನಿನಲ್ಲಿ ಹೊಗೆಗೆ ಮೂರೇ ಬಾಯಿ. ಎರಡನೆಯ, ಮೂರನೆಯ ಸಿಲಿಂಡರುಗಳ ಹೊಗೆ ಎರಡೂ ಮಧ್ಯದ ಬಾಯಿಯಲ್ಲೇ ಹೋಗಬೇಕು. ಅಲ್ಲೇ ಬಿಸಿ ಜಾಸ್ತಿ, ಅಲ್ಲೇ ಬಿರುಕು.

ಮೊದಲು ಪೇಸ್ಟ್ ಹಚ್ಚಿದ್ದಾಯಿತು. ಡಬ್ಬದ ಮೇಲೆ ಸಾವಿರ ಡಿಗ್ರಿ ಅಂತ ಬರೆದಿತ್ತು. ಮಡಿಕೇರಿವರೆಗೆ ಬಿಡಿ, ಇಲ್ಲೇ ಹತ್ತಿರದ ಪೆರ್ಲ ಮುಟ್ಟುವುದರೊಳಗೆ ಉದುರಿತು.

ಆಮೇಲೆ ವೆಲ್ಡಿಂಗ್. ಸಾದಾ ರಾಡಿನಲ್ಲಿ ಬೀಡಿಗೆ ವೆಲ್ಡ್ ನಿಲ್ಲುವುದಿಲ್ಲ ಅಂತ ಗೊತ್ತಿದ್ದರೂ "ಒಮ್ಮೆ ನೋಡುವ" ಅಂದರು ವೆಲ್ಡರ್ ಇಕ್ಕ. ತಣಿಯುವಾಗ ಟಣ್ ಅಂತ ಕೇಳಿಸಿತು. ವೆಲ್ಡ್ ಗಟ್ಟಿಯಾಗೇ ಇತ್ತು, ಅದರ ಪಕ್ಕದ ಬೀಡು ಹೊಸದಾಗಿ ಸೀಳಿತ್ತು. ಎರಡನೇ ಸಲ ನಿಕ್ಕಲ್ ರಾಡು. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ಇಡೀ ಮ್ಯಾನಿಫೋಲ್ಡನ್ನು ಗೆರಟೆ ಕೆಂಡದಲ್ಲಿ ಬಿಸಿ ಮಾಡಿ, ಒಂದು ಇಂಚು ಇಂಚೇ ಹೊಡೆದು, ರಾತ್ರಿ ಇಡೀ ಬೂದಿಯಲ್ಲಿ ಹೂತಿಟ್ಟೆವು. ಇದು ನಿಂತಿತು. ಇಕ್ಕನ ಕೈಯ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಆದರೆ ಆ ಬಿಸಿಗೆ ಫ್ಲ್ಯಾಂಜ್ (ಇಂಜಿನಿಗೆ ಬಿಗಿಯುವ ಚಪ್ಪಟೆ ಅಂಚು) ಬಾಗಿತು. ಬಿರುಕಿನಲ್ಲಿ ಹೋಗುತ್ತಿದ್ದ ಹೊಗೆ ಈಗ ಗಾಸ್ಕೆಟಿನಲ್ಲಿ ಹೋಗತೊಡಗಿತು. ಎರಡೂ ಸಲ ಸೇರಿ 2,000 ರೂಪಾಯಿ ಕೈಬಿಟ್ಟಿತು.

ಮೂರನೆಯದು ಹೊಸ ಡ್ಯೂಪ್ಲಿಕೇಟ್. 5,500ರ ಆಸುಪಾಸು. ಹೊಳೆಯುವ ಪೈಂಟು, ನೋಡಲಿಕ್ಕೆ ಚಂದ. ಫೇಸ್ (ಇಂಜಿನಿಗೆ ತಾಗುವ ಮೈ) ಮೇಲೆ ಸ್ಕೇಲ್ ಇಟ್ಟರೆ ಕೆಳಗಿನಿಂದ ಬೆಳಕು ಕಾಣುತ್ತದೆ! ಅಂಗಡಿಯವರು "ಗಾಸ್ಕೆಟ್ ಎರಡು ಹಾಕಿ, ಸರಿಯಾಗುತ್ತದೆ" ಅಂದರು. ಎರಡು ಗಾಸ್ಕೆಟ್ ಹಾಕಿದ್ದು ಇನ್ನೂ ಬೇಗ ಸುಟ್ಟಿತು. ಅದರ ಜೊತೆಗೆ ಐಡ್ಲಿಂಗ್ (ಕಾರು ನಿಂತಿರುವಾಗ ಇಂಜಿನ್ ಮೆಲ್ಲ ಓಡುವುದು) ಕೂಡ ಹಾಳು. ಪೆಟ್ರೋಲ್-ಗಾಳಿ ಬೆರೆಸುವ ಎಸ್‌ಯು ಕಾರ್ಬುರೇಟರಿನ ನಟ್ಟು ಎಷ್ಟು ತಿರುಗಿಸಿದರೂ ಇಂಜಿನ್ ಒಂದೇ ಸಮ ಓಡುವುದಿಲ್ಲ.

ಇಲ್ಲಿ ನನಗೆ ವಿಷಯ ಹೊಳೆದದ್ದು. ಎಗ್ಸಾಸ್ಟ್ ಸೋರುವುದಕ್ಕೂ ಐಡ್ಲಿಂಗಿಗೂ ಏನು ಸಂಬಂಧ? ಸಂಬಂಧ ಉಂಟು. ಈ ಇಂಜಿನಿನಲ್ಲಿ ಇನ್‌ಲೆಟ್ (ಪೆಟ್ರೋಲ್-ಗಾಳಿ ಒಳಗೆ ಬಿಡುವ ಮ್ಯಾನಿಫೋಲ್ಡ್), ಎಗ್ಸಾಸ್ಟ್ (ಹೊಗೆಯ ಮ್ಯಾನಿಫೋಲ್ಡ್) ಎರಡೂ ಒಂದೇ ಬದಿಗೆ. ಇಬ್ಬರಿಗೂ ಒಂದೇ ಗಾಸ್ಕೆಟ್. ಒಂದೇ ದಪ್ಪ ವಾಷರ್ ಅರ್ಧ ಇನ್‌ಲೆಟ್ಟಿನ ಫ್ಲ್ಯಾಂಜಿನ ಮೇಲೆ, ಅರ್ಧ ಎಗ್ಸಾಸ್ಟಿನ ಫ್ಲ್ಯಾಂಜಿನ ಮೇಲೆ ಕೂತು ಎರಡನ್ನೂ ಒತ್ತಿ ಹಿಡಿಯುತ್ತದೆ. ಒಂದು ಫ್ಲ್ಯಾಂಜ್ ಹತ್ತು ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ದಪ್ಪ ಜಾಸ್ತಿ ಇದ್ದರೂ ಸಾಕು, ವಾಷರ್ ಅದನ್ನೇ ಒತ್ತುತ್ತದೆ, ಪಕ್ಕದ್ದು ಸಡಿಲ. ಇನ್‌ಲೆಟ್ ಸಡಿಲವಾದರೆ ಸಂದಿಯಲ್ಲಿ ಗಾಳಿ ಎಳೆದು ಐಡ್ಲಿಂಗ್ ಕೆಡುತ್ತದೆ. ನಟ್ಟು ಎಷ್ಟು ಬಿಗಿದರೂ ಸಡಿಲವೇ. ಜಾಸ್ತಿ ಬಿಗಿದರೆ ದಪ್ಪ ಇದ್ದದ್ದು ಸೀಳುತ್ತದೆ. ಹಳೆಯ ಬಿರುಕಿಗೂ ಇದೇ ಕಾರಣ ಅಂತ ನನ್ನ ಅಭಿಪ್ರಾಯ. ಮ್ಯಾನಿಫೋಲ್ಡಿಗೆ ವಯಸ್ಸಾಯಿತು ಅನ್ನುವುದೆಲ್ಲ ಗ್ಯಾರೇಜಿನವರ ಸಮಾಧಾನದ ಮಾತು.

ಅಂದರೆ ಹೊಸತು ಹಳತು ಮುಖ್ಯ ಅಲ್ಲ. ಇನ್‌ಲೆಟ್ ಮತ್ತು ಎಗ್ಸಾಸ್ಟ್ ಎರಡನ್ನೂ ಜೋಡಿಸಿ, ಒಂದೇ ವಸ್ತು ಅಂತ ಲೆಕ್ಕ ಹಾಕಿ ಫೇಸ್ ಮಾಡಬೇಕು. ಮಂಗಳೂರಿನಲ್ಲಿ ಕೇಳಿದೆ. ಒಂದೊಂದನ್ನೇ ಬೇಕಾದರೆ ಗ್ರೈಂಡಿಂಗ್ ಮಾಡಿ ಕೊಡುತ್ತೇವೆ, ಜೋಡಿಸಿದ್ದು ಮೆಷೀನಿಗೆ ಕೂರುವುದಿಲ್ಲ ಅಂದರು. ಸರಿ, ಕೈಯಲ್ಲೇ ಮಾಡುವ ಅಂತ ತೀರ್ಮಾನ ಮಾಡಿದೆ.

ಒಂದು ಗುಜರಿ ಟ್ಯಾಕ್ಸಿಯ ಮ್ಯಾನಿಫೋಲ್ಡ್ 1,300ಕ್ಕೆ ಸಿಕ್ಕಿತು. ಎಲ್ಲಿ ಅಂತ ಹೇಳುವುದಿಲ್ಲ. ಅಲ್ಲಿ ಇನ್ನೂ ಒಂದೆರಡು ಉಂಟು, ನನಗೇ ಬೇಕಾದೀತು. ತಂತಿಗೆ ಕಟ್ಟಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲ ತಟ್ಟಿ ನೋಡಿ ತಂದದ್ದು. ಒಡಕು ಸ್ವರ ಬಂದರೆ ಮುಟ್ಟಬೇಡಿ.

ಕಲ್ಲು ನೆರೆಮನೆಯ ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಪಾಲಿಶ್ ಗ್ರಾನೈಟ್. ಎರಡು ಅಡಿಯ ಮೇಲೆ ಉದ್ದ. ಪುಕ್ಕಟೆ ಸಿಕ್ಕಿದ್ದು. ಕಲ್ಲು ಸಮ ಉಂಟಾ ಅಂತ ಹೊಸ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಎಲ್ಲ ದಿಕ್ಕಿಗೂ ನೋಡಿದೆ. ಮಾರ್ಕಿಂಗ್ ಬ್ಲೂ (ಎಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ) ಬದಲಿಗೆ ಕುಂಕುಮವನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಬಟ್ಟೆಯಿಂದ ಒರೆಸಿ ಒರೆಸಿ ತೆಳ್ಳಗೆ ಹಚ್ಚಿದೆ. ಅದರ ಮೇಲೆ ಇನ್‌ಲೆಟ್, ಎಗ್ಸಾಸ್ಟ್ ಎರಡನ್ನೂ ಫೇಸ್ ಕೆಳಗೆ ಮಾಡಿ ಇಟ್ಟು, ಎರಡೂ ಕಲ್ಲಿಗೆ ಕೂತ ಮೇಲೆಯೇ ಹಾಟ್‌ಸ್ಪಾಟಿನ (ಎಗ್ಸಾಸ್ಟಿನ ಬಿಸಿ ಇನ್‌ಲೆಟ್ಟಿಗೆ ತಾಗುವಂತೆ ಎರಡೂ ಸೇರುವ ಜಾಗ) ಬೋಲ್ಟು ಬಿಗಿದೆ. ಈ ಕ್ರಮ ತಪ್ಪಬಾರದು. ಹೆಚ್ಚಿನವರು ಮೊದಲು ಇವೆರಡನ್ನು ಬಿಗಿದು ಆಮೇಲೆ ಇಂಜಿನಿನ ಹೆಡ್ಡಿಗೆ ತರುತ್ತಾರೆ, ಅಲ್ಲೇ ಅರ್ಧ ತೊಂದರೆ ಶುರು.

ಎತ್ತಿ ತಿರುಗಿಸಿ ನೋಡಿದರೆ ಎರಡು ತುದಿಯ ಬಾಯಿಗಳ ಹೊರ ಅಂಚಿಗೆ ಮಾತ್ರ ಕೆಂಪು. ಮಧ್ಯದ ಬಾಯಿಗೆ ಕುಂಕುಮದ ಗುರುತೇ ಇಲ್ಲ. ಫೀಲರ್ ಗೇಜ್ (ಸಂದಿ ಅಳೆಯುವ ತೆಳ್ಳನೆಯ ಬ್ಲೇಡ್) ಹಾಕಿದರೆ ಮಧ್ಯದಲ್ಲಿ ಇಪ್ಪತ್ತು ಥೌ ಸಲೀಸಾಗಿ ಒಳಗೆ ಹೋಯಿತು.

ಇನ್ನು ಉಜ್ಜುವುದು. ಕಲ್ಲಿನ ಮೇಲೆ 60ರ ಎಮರಿ ಬಟ್ಟೆ. ಅದು ಜಾರದ ಹಾಗೆ, ಸುಕ್ಕು ಬೀಳದ ಹಾಗೆ ಹೇಗೆ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಂಟು ಹಚ್ಚಿದರೆ ಮಾತ್ರ ಗಂಟುಗಂಟಾಗಿ ಕೆಲಸ ಕೆಡುತ್ತದೆ, ಅಷ್ಟು ಹೇಳಬಹುದು. ಮ್ಯಾನಿಫೋಲ್ಡ್ ಎರಡೂ ಸೇರಿ ಹತ್ತು ಕಿಲೋದ ಹತ್ತಿರ ಇರಬಹುದು, ಆ ಭಾರವೇ ಸಾಕು. ಮೇಲಿನಿಂದ ಒತ್ತಬಾರದು. ಒತ್ತಿದರೆ ತೂಗಾಡಿ ಅಂಚು ದುಂಡಗಾಗುತ್ತದೆ, ಅಲ್ಯೂಮಿನಿಯಂ ಇನ್‌ಲೆಟ್ ಮೊದಲು ಹೋಗುತ್ತದೆ. ಎಂಟರ ಆಕಾರದಲ್ಲಿ ಓಡಿಸುವುದು, ಆಗಾಗ ತುದಿ ಬದಲಿಸಿ ತಿರುಗಿಸುವುದು, ಪುನಃ ಕುಂಕುಮ ನೋಡುವುದು.

ಇಕ್ಕ ಒಂದು ಸಂಜೆ ಬಂದವರು ಜಗಲಿಯಲ್ಲಿ ಇದನ್ನು ನೋಡಿ, "ಎಂತ ಮಾರಾಯ್ರೆ, ದೋಸೆಗೆ ಅರೆಯುವ ಹಾಗೆ ಅರೆದರೆ ಇಂಜಿನ್ ಓಡ್ತದಾ?" ಅಂತ ನಕ್ಕರು. ಅಡಕೆ ಸುಲಿಯುವ ದಿನಗಳು ಮುಗಿದಿದ್ದವು, ಸಂಜೆಗೆ ನನಗೆ ಬೇರೆ ಕೆಲಸ ಇರಲಿಲ್ಲ. ಒಂದು ವಾರ ಕಳೆಯುವಾಗ ಕೆಂಪು ಮಧ್ಯದ ಬಾಯಿಗೂ ಬಂತು. ಮೊದಲು ಒಂದು ಉಗುರಿನಷ್ಟು, ಆಮೇಲೆ ಅರ್ಧ ಸುತ್ತು, ಆಮೇಲೆ ಪೂರ್ತಿ. ಕೊನೆಗೆ 120ರ ಎಮರಿಯಲ್ಲಿ ಮುಗಿಸಿದೆ. ಎರಡು ಥೌ ಬ್ಲೇಡ್ ಎಲ್ಲೂ ಒಳಗೆ ಹೋಗಲಿಲ್ಲ. ಮೆಷೀನಿನಲ್ಲಿ ಮಾಡಿಸಿದವರು ಇಷ್ಟು ತೋರಿಸಲಿ, ನೋಡುವ. ಉಜ್ಜುವ ಮೊದಲು ಇನ್‌ಲೆಟ್ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಸೀಮೆಎಣ್ಣೆಯಲ್ಲಿ ತೊಳೆದು ಕಂಪ್ರೆಸರ್ ಗಾಳಿ ಬಿಡಲೇಬೇಕು. ಎಮರಿಯ ಪುಡಿ ಒಳಗೆ ಹೋದರೆ ಸಿಲಿಂಡರ್ ಬೋರಿನ ಕತೆ ಮುಗಿಯಿತು.

ಫೇಸ್ ಸಮ ಆದರೆ ಸಾಲದು. ಹಿಂಬದಿಯಿಂದ ಫ್ಲ್ಯಾಂಜಿನ ದಪ್ಪ ವರ್ನಿಯರಿನಲ್ಲಿ ಅಳೆದರೆ ಎಗ್ಸಾಸ್ಟಿನ ದಪ್ಪ ಇನ್‌ಲೆಟ್ಟಿಗಿಂತ ಅರ್ಧ ಮಿಲಿಮೀಟರಿಗೆ ಸ್ವಲ್ಪ ಕಡಿಮೆಯಷ್ಟು ಜಾಸ್ತಿ ಇತ್ತು. ಮ್ಯಾನಿಫೋಲ್ಡ್ ಮುಟ್ಟಲಿಲ್ಲ. ವಾಷರನ್ನೇ ವೈಸಿಗೆ ಕಚ್ಚಿಸಿ, ಎಗ್ಸಾಸ್ಟ್ ಕಡೆಯ ಅರ್ಧವನ್ನು ಮಾತ್ರ ಅರದಲ್ಲಿ ಇಳಿಸಿ ಮೆಟ್ಟಿಲು ಮಾಡಿದೆ. ಒಂದೊಂದು ಜಾಗಕ್ಕೆ ಒಂದೊಂದು ಅಳತೆ ಬಂತು, ಹಾಗಾಗಿ ಪಂಚಿನಿಂದ ಚುಕ್ಕಿ ಹೊಡೆದು ಗುರುತು ಮಾಡಿಟ್ಟಿದ್ದೇನೆ. ಇಡೀ ಕೆಲಸದ ಜೀವ ಈ ವಾಷರಿನಲ್ಲಿ ಉಂಟು.

ಸ್ಟಡ್ಡಿನದ್ದು (ಇಂಜಿನಿನಿಂದ ಹೊರಗೆ ಚಾಚಿ ನಟ್ಟು ಕೂರುವ ಥ್ರೆಡ್ಡಿನ ಕಡ್ಡಿ) ಬೇರೆಯೇ ರಾಮಾಯಣ. ನಮ್ಮ ಕಡಲ ಗಾಳಿಗೆ ತುಕ್ಕು ಕಚ್ಚಿ ನಟ್ಟು ಯಾವುದು, ಸ್ಟಡ್ಡು ಯಾವುದು ಗೊತ್ತಾಗುತ್ತಿರಲಿಲ್ಲ. ಎರಡು ತುಂಡಾದವು. ತುಂಡಾದ ಮೋಟಿನ ಮೇಲೆ ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಹಾಕಿ, ಕೆಂಪು ಆರಿದ ಮೇಲೆ ಮೇಣದ ಬತ್ತಿ ತಾಗಿಸಿ, ಮುಂದೆ ಹಿಂದೆ ಅಲುಗಿಸಿದರೆ ಬರುತ್ತದೆ. ಡ್ರಿಲ್ ಹಿಡಿದುಕೊಂಡು ಹೋಗಬೇಡಿ. ಒಂದು ತೂತಿಗೆ ಹಿಂದೆ ಯಾರೋ 8 ಎಂಎಂ ಬೋಲ್ಟು ತುರುಕಿದ್ದರು. ಇಂಚಿನ ಥ್ರೆಡ್ಡಿಗೆ ಮಿಲಿಮೀಟರ್ ಬೋಲ್ಟು ಎರಡು ಸುತ್ತು ಚೆನ್ನಾಗೇ ಹೋಗುತ್ತದೆ, ಮೂರನೇ ಸುತ್ತಿಗೆ ಥ್ರೆಡ್ ತಿನ್ನುತ್ತದೆ. ಲೇತಿನವರ ಹತ್ತಿರ ಆ ಒಂದಕ್ಕೆ ಮೆಟ್ಟಿಲಿನ (ಎರಡು ತುದಿಗೆ ಎರಡು ಅಳತೆಯ) ಸ್ಟಡ್ಡು ಮಾಡಿಸಿದೆ. ನಟ್ಟು ಎಲ್ಲ ಹಿತ್ತಾಳೆಯದ್ದು, ಮುಂದೆ ಬಿಚ್ಚುವಾಗ ಕಚ್ಚುವುದಿಲ್ಲ. ಹಳೇ ಗಾಸ್ಕೆಟ್ ಕೆರೆಯುವಾಗ ನೀರು ಚಿಮುಕಿಸಿ ಒದ್ದೆ ಮಾಡಿಯೇ ಕೆರೆಯಿರಿ. ಆ ಕಾಲದ ಗಾಸ್ಕೆಟಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಧೂಳು ಎಳೆದುಕೊಂಡರೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬ್ರೇಕ್ ಲೈನಿಂಗ್ ಮಾಡುವಾಗ ಬಳಸುತ್ತಾರೆ. ಬ್ರೇಕಿನ ಬಿಸಿ ತಡೆಯುವುದಾದರೆ ಮ್ಯಾನಿಫೋಲ್ಡಿಗೆ ಪೈಂಟಿನ ಬದಲು ಯಾಕಾಗಬಾರದು? ನಮ್ಮಲ್ಲಿ ಅದಕ್ಕೆ ಬರವೇ? ಗ್ಲೌಸ್ ಹಾಕಿಯೇ ಹಚ್ಚಿದೆ, ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಒಲೆಯಲ್ಲಿ ಮೆಲ್ಲ ಬೇಯಿಸಿದಾಗ ಕಪ್ಪಗೆ ಹೊಳೆಯಿತು, ಚಂದ ಇತ್ತು. ಇಂಜಿನ್ ಓಡಿದ ಮೇಲೆ ಮಧ್ಯದ ಬಾಯಿಯ ಹತ್ತಿರ ಹೊಗೆ ಎದ್ದು ಚಕ್ಕೆ ಚಕ್ಕೆಯಾಗಿ ಬಿತ್ತು. ವಾಸನೆ ಹದಿನೈದು ದಿನ ಹೋಗಲಿಲ್ಲ. ಬಿಸಿ ಕಡಿಮೆ ಇರುವ ಕೆಳಭಾಗದಲ್ಲಿ ಮಾತ್ರ ಈಗಲೂ ಉಂಟು, ತುಕ್ಕು ಬಂದಿಲ್ಲ.

ಇನ್ನೊಂದು, ಹಾಟ್‌ಸ್ಪಾಟಿಗೆ ತಗಡು ಅಡ್ಡ ಹಾಕುವುದು. ಚಳಿ ದೇಶದಲ್ಲಿ ಪೆಟ್ರೋಲ್ ಆವಿಯಾಗಲಿ ಅಂತ ಮಾಡಿದ ವ್ಯವಸ್ಥೆ ಅದು, ನಮ್ಮ ಏಪ್ರಿಲ್ ತಿಂಗಳ ಸೆಕೆಗೆ ಯಾಕೆ? ನಿಕ್ಕಲ್ ವೆಲ್ಡಿನ ಮ್ಯಾನಿಫೋಲ್ಡ್ ಇದ್ದಾಗಲೇ ಹಾಕಿ ನೋಡಿದ್ದೆ. ಮಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತು ಪುನಃ ಸ್ಟಾರ್ಟ್ ಮಾಡುವುದು ಸುಲಭ ಆಯಿತು. ಆದರೆ ಆಟಿ ತಿಂಗಳ ಮಳೆಯಲ್ಲಿ ಬೆಳಿಗ್ಗೆ ಚೋಕ್ ಎಳೆದು ಬಹಳ ಹೊತ್ತು ಕಾಯಬೇಕು. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಆವಿಯಾಗಲು ಬಿಸಿ ಇನ್ನೂ ಜಾಸ್ತಿ ಬೇಡುತ್ತದೆ. ತೆಗೆದುಬಿಟ್ಟೆ. ನಿಮಗೆ ಹಾಕುವ ಮನಸ್ಸಿದ್ದರೆ ಉಜ್ಜುವ ಮೊದಲೇ ಹಾಕಿ, ಆಮೇಲೆ ಹಾಕಿದರೆ ಇಡೀ ಅರೆಯುವ ಕೆಲಸ ಮೊದಲಿನಿಂದ.

ಕೂರಿಸುವಾಗ ನಟ್ಟುಗಳನ್ನು ಮಧ್ಯದಿಂದ ಶುರು ಮಾಡಿ ತುದಿಯವರೆಗೆ ಬಿಗಿದೆ, 15 ಅಡಿ-ಪೌಂಡ್ ಬಿಗಿಯ ಹತ್ತಿರ. ಇಂಜಿನ್ ಬಿಸಿ ಮಾಡಿ, ಪೂರ್ತಿ ತಣಿಯಲು ಬಿಟ್ಟು, ಪುನಃ ಅಷ್ಟಕ್ಕೇ ಬಿಗಿದೆ. ಎರಡನೇ ಸಲಕ್ಕೆ ಕಾಲು ಸುತ್ತು ಬಂತು, ಆಮೇಲೆ ಬರಲಿಲ್ಲ.

ಪರೀಕ್ಷೆಗೆ ಸಂಪಾಜೆ ಘಾಟಿ. ಐದು ಜನ ತುಂಬಿಸಿಕೊಂಡು ಮುಳ್ಳೇರಿಯ, ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿಗೆ ಹತ್ತಿಸಿದೆ. ಘಾಟಿಯಲ್ಲಿ ಹೆಚ್ಚು ಹೊತ್ತು ಸೆಕೆಂಡ್ ಗೇರ್. ಇಕ್ಕನೂ ಜೊತೆಗಿದ್ದರು. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದ ಕೂಡಲೇ ಪೈಪಿನ ತುಂಡು ಅವರೇ ಕಿವಿಗೆ ಇಟ್ಟುಕೊಂಡರು. ಎರಡು ಸಲ ಆಚೀಚೆ ಓಡಿಸಿ, "ಫ್ಯಾನಿನ ಸದ್ದು ಮಾತ್ರ" ಅಂದರು. ಐಡ್ಲಿಂಗ್ ಕೂಡ ಒಂದೇ ಸಮಕ್ಕೆ ಬಂದಿತ್ತು, ಕಾರ್ಬುರೇಟರಿಗೆ ಏನೂ ಮಾಡದೆ.

ಖರ್ಚು: ಮ್ಯಾನಿಫೋಲ್ಡ್ 1,300, ಗಾಸ್ಕೆಟ್ 400, ಸ್ಟಡ್ಡು ಮತ್ತು ಹಿತ್ತಾಳೆ ನಟ್ಟು 800ರ ಹತ್ತಿರ, ಎಮರಿ 250, ವೆಲ್ಡಿಂಗಿಗೆ ಇಕ್ಕನಿಗೆ 500. ಮೂರೂಕಾಲು ಸಾವಿರದ ಒಳಗೆ ಬಂತು. ಅದಕ್ಕೆ ಮೊದಲು ಹೋದದ್ದನ್ನು ಕೂಡಿಸಿದರೆ ಲೆಕ್ಕ ಬೇರೆ, ಅದನ್ನು ಮನೆಯಲ್ಲಿ ಕೂಡಿಸಿಲ್ಲ. ಡ್ಯೂಪ್ಲಿಕೇಟನ್ನು ಗುಜರಿಯವರು ಕಿಲೋ ಲೆಕ್ಕದಲ್ಲಿ ತೆಗೆದುಕೊಂಡರು, ಎರಡು ಚಹಾ ಮತ್ತು ಬನ್ಸಿಗೆ ಸಾಕಾಯಿತು.

ಇದನ್ನು ಮಾಡುವವರು ಸೈಲೆನ್ಸರ್ ಪೈಪಿನ ಬ್ರಾಕೆಟ್ ಒಮ್ಮೆ ನೋಡಿ. ಗೇರ್‌ಬಾಕ್ಸ್ ಹತ್ತಿರ ಪೈಪನ್ನು ಹಿಡಿಯುವ ಬ್ರಾಕೆಟ್ ನನ್ನ ಕಾರಿನಲ್ಲಿ ಇರಲೇ ಇಲ್ಲ. ಪೈಪಿನ ಭಾರ ಎಲ್ಲ ಮ್ಯಾನಿಫೋಲ್ಡಿಗೇ ಜೋತು ಬೀಳುತ್ತಿತ್ತು. ಪಟ್ಟಿ ಬಗ್ಗಿಸಿ, ಹಳೇ ಟಯರಿನ ತುಂಡು ನಡುವೆ ಇಟ್ಟು ಒಂದು ಮಾಡಿಸಿದ್ದೇನೆ. ಆದರೂ ಕೆಳಗೆ ಪೈಪ್ ಸೇರುವ ಜಾಯಿಂಟಿನಲ್ಲಿ ಚಳಿಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಮಸಿ ಕಾಣುತ್ತದೆ. ಮುಂದಿನ ಮಳೆಗೆ ಮೊದಲು ಅದನ್ನು ಬಿಚ್ಚಬೇಕು.