ರುಮಟಾಯ್ಡ್ ಇರುವವರು ತಾಯ್ ಚಿ ಶುರು ಮಾಡುವುದು ಹೀಗೆ

ತಾಯ್ ಚಿ ಅಂದರೆ ಉಸಿರಿನ ಜೊತೆ ಮೈಯನ್ನು ನಿಧಾನವಾಗಿ ಆಡಿಸುವ ಚೀನಾದ ವ್ಯಾಯಾಮ. ಮೊದಲೇ ಹೇಳಿಬಿಡ್ತೀನಿ: ಇದನ್ನು ಮಾಡ್ತಿದ್ದೀನಿ ಅಂತ ಡಾಕ್ಟರ್ ಕೊಟ್ಟ ಮೆಥೋಟ್ರೆಕ್ಸೇಟ್ ಔಷಧಿ ಬಿಡಬೇಡಿ. ರುಮಟಾಯ್ಡ್ ಅನ್ನುವ ಈ ಕೀಲುರೋಗ ವಯಸ್ಸಾಗಿ ಮಂಡಿ ಸವೆಯುವ ನೋವಲ್ಲ. ರುಮಟಾಯ್ಡ್‌ನಲ್ಲಿ ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಅದಕ್ಕೆ ಕಡಿವಾಣ ಹಾಕುವುದು ಔಷಧಿ. ಹಾಸನದಿಂದ ನನ್ನ ನಾದಿನಿ ಫೋನ್ ಮಾಡಿದಾಗೆಲ್ಲ ಕೇಳುತ್ತಾಳೆ, 'ಅತ್ತಿಗೆ, ತಾಯ್ ಚಿಯಿಂದ ವಾಸಿ ಆಗುತ್ತಾ?' ಇಲ್ಲ ಕಣೇ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ 2019ರ ವಿಮರ್ಶೆ 7 ಅಧ್ಯಯನಗಳ 345 ಜನರ ಲೆಕ್ಕ ನೋಡಿ, ನೋವು ಕಡಿಮೆಯಾಗುತ್ತದೆ ಅಂತ ಖಚಿತವಾಗಿ ಹೇಳಲಾಗದು ಅಂದಿದೆ. ಆದರೂ ಅಮೆರಿಕದ ರುಮಟಾಲಜಿ (ಕೀಲುರೋಗ) ವೈದ್ಯರ ಸಂಘ 2022ರ ಮಾರ್ಗಸೂಚಿಯಲ್ಲಿ ಯೋಗದ ಜೊತೆ ತಾಯ್ ಚಿಯನ್ನೂ ಸೂಚಿಸಿದೆ. ನನಗೆ ಸಿಕ್ಕಿದ್ದು ಇಷ್ಟು: ಕಾಲಿನ ಬಿಗಿತ ಕಡಿಮೆ, ಮೆಟ್ಟಿಲ ಮೇಲೆ ಧೈರ್ಯ ಜಾಸ್ತಿ. ಸಾಕು ಅಲ್ವಾ?

ಯಾವ ಶೈಲಿ ಅನ್ನುವುದು ಮುಖ್ಯ. ಚೆನ್ ಶೈಲಿಯಲ್ಲಿ ಮಂಡಿ ಬಗ್ಗಿಸಿ ತಗ್ಗಿ ನಿಲ್ಲಬೇಕು, ಕಾಲು ಅಪ್ಪಳಿಸುವ ಭಂಗಿಗಳೂ ಇವೆ. ನಮಗೆ ಬೇಡ. ಸನ್ ಶೈಲಿಯಲ್ಲಿ ಹೆಚ್ಚುಕಡಿಮೆ ನೆಟ್ಟಗೇ ನಿಲ್ಲುತ್ತೇವೆ, ಹೆಜ್ಜೆಯೂ ಚಿಕ್ಕದು. ಸ್ವತಃ ಕೀಲುನೋವಿರುವ ಸಿಡ್ನಿಯ ಡಾಕ್ಟರ್ ಪಾಲ್ ಲ್ಯಾಮ್ 1997ರಲ್ಲಿ ಕೀಲುನೋವಿನವರಿಗೆ ಅಂತಲೇ ಒಂದು ಪಾಠ ಕಟ್ಟಿದ್ದು ಇದರ ಮೇಲೆ. ನಾನೀಗ ಇರುವುದೂ ಸಿಡ್ನಿಯಲ್ಲೇ, ಮಗಳ ಮನೆಯಲ್ಲಿ. ಹತ್ತಿರದ ಹಾಲ್‌ನಲ್ಲಿ ಇದನ್ನೇ ಕಲಿಸುತ್ತಾರೆ. ಯೂಟ್ಯೂಬ್ ನೋಡಿ ಕಲಿಯುವುದಾದರೆ ಸನ್ ಶೈಲಿಯದೇ ಅಂತ ಖಾತ್ರಿ ಮಾಡಿಕೊಳ್ಳಿ.

ಬೆಳಿಗ್ಗೆ ಎದ್ದ ಕೂಡಲೇ ಬೇಡ. ಆಗ ಕೈ ದೋಸೆ ತಿರುವುವುದಕ್ಕೂ ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ಬಿಸಿನೀರಿನ ಸ್ನಾನ, ತಿಂಡಿ ಎಲ್ಲ ಮುಗಿದು ಮೈ ಬಿಟ್ಟುಕೊಂಡ ಮೇಲೆ, ಹನ್ನೊಂದರ ಹೊತ್ತಿಗೆ ಶುರು ಮಾಡಿ. ಬರಿಗಾಲಲ್ಲಿ ಮಾಡಬೇಡಿ. ಮನೆಯೊಳಗೆ ಚಪ್ಪಲಿ ಹಾಕದ ಜನ ನಾವು, ಆದರೆ ಪಾದದ ಮುಂಭಾಗದ ಕೀಲುಗಳಿಗೆ ಮೆತ್ತೆ ಬೇಕು. ಹೊರಗೆ ಹಾಕದ ಒಂದು ಜೊತೆ ಶೂ ಇದಕ್ಕೇ ಅಂತ ಇಟ್ಟುಬಿಡಿ. ಪಕ್ಕದಲ್ಲಿ ಅಡುಗೆಮನೆಯ ಕಟ್ಟೆ ಇರಲಿ. ವಾಲಿದರೆ ಬೆರಳಲ್ಲಿ ಗಟ್ಟಿ ಹಿಡಿಯಬೇಡಿ, ಮುಂಗೈ ಊರಿ.

ಮೊದಲ ವಾರ ಕೈಗೆ ಕೆಲಸವೇ ಬೇಡ. ಪಾದಗಳ ನಡುವೆ ಭುಜದಗಲ ಜಾಗ ಬಿಟ್ಟು ನಿಲ್ಲಿ. ಮಂಡಿ ಬಗ್ಗಿಸುವುದು ಬೇಡ, ಬಿಗಿ ಬಿಟ್ಟರೆ ಸಾಕು. ಕೊಡದಿಂದ ಕೊಡಕ್ಕೆ ನೀರು ಬಗ್ಗಿಸಿದ ಹಾಗೆ ಮೈಭಾರ ಎಡಗಾಲಿಗೆ ಇಳಿಯಲಿ. ಬಲಗಾಲು ಪೂರ್ತಿ ಹಗುರಾದ ಮೇಲೇ ಅದನ್ನು ಎತ್ತಿ ಮುಂದಿಡಬೇಕು, ಹಿಮ್ಮಡಿ ಮೊದಲು. ಆಮೇಲೆ ಭಾರ ಅತ್ತ ಸರಿಸಿ, ಹಿಂದಿನ ಕಾಲನ್ನು ಅದರ ಹತ್ತಿರಕ್ಕೆ ತನ್ನಿ. ಸನ್ ಶೈಲಿಯ ಜೀವ ಇರುವುದೇ ಈ ಹಿಂಬಾಲಿಸುವ ಹೆಜ್ಜೆಯಲ್ಲಿ. ಇದು ಕೂತರೆ ಉಳಿದದ್ದು ತಾನಾಗಿ ಬರುತ್ತದೆ.

ಆಮೇಲೆ ಕೈ. ಅಂಗೈ ಎದುರುಬದುರು ಮಾಡಿ ಎದೆಯ ಮುಂದೆ ಹಿಡಿಯಿರಿ, ನಡುವೆ ಮುಖದಷ್ಟು ಅಗಲ. ಉಸಿರು ಒಳಗೆ ಎಳೆಯುತ್ತಾ ಭುಜದಗಲ ತೆರೆಯಿರಿ, ಬಿಡುತ್ತಾ ಮತ್ತೆ ಹತ್ತಿರ ತನ್ನಿ. ಬೆರಳು ನೆಟ್ಟಗಾಗದಿದ್ದರೆ ಸುಮ್ನೆ ಬಿಡಿ, ಸೊಟ್ಟಗೇ ಇರಲಿ. ನನ್ನ ಬಲಗೈ ಕಿರುಬೆರಳು ಹೊರಕ್ಕೇ ತಿರುಗಿಕೊಂಡಿದೆ, ತಾಯ್ ಚಿಗೆ ಅದೇನೂ ಅಡ್ಡಿ ಮಾಡಿಲ್ಲ. ಮುಷ್ಟಿ ಬಿಗಿಯುವುದು, ಮಣಿಕಟ್ಟು ಪೂರ್ತಿ ಹಿಂದಕ್ಕೆ ಮಡಚಿ ತಳ್ಳುವುದು ಮಾತ್ರ ಬೇಡ. ಕೈ ಎಷ್ಟು ಏರುತ್ತದೋ ಅದರ ಮುಕ್ಕಾಲು ಪಾಲಿಗೇ ನಿಲ್ಲಿಸಿ.

ಕುತ್ತಿಗೆಯ ವಿಷಯ ಯಾರೂ ಹೇಳುವುದಿಲ್ಲ. ಬಹಳ ವರ್ಷದ ರುಮಟಾಯ್ಡ್ ಇದ್ದರೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವೆ ಹಿಡಿತ ಸಡಿಲಾಗಿರಬಹುದು. ಶುರು ಮಾಡುವ ಮುಂಚೆ ಡಾಕ್ಟರ್‌ಗೆ ಇದನ್ನೊಂದು ಕೇಳಿ. ಪಕ್ಕಕ್ಕೆ ನೋಡಬೇಕಾದಾಗ ಸೊಂಟದಿಂದ ತಿರುಗಿ, ತಲೆ ಮಾತ್ರ ಹೊರಳಿಸಬೇಡಿ. ಕೈಕಾಲು ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ, ತೋರಿಸಿಕೊಳ್ಳಿ.

ಹತ್ತು ನಿಮಿಷದಿಂದ ಶುರು ಮಾಡಿ. ಮುಗಿಸಿ ಎರಡು ಗಂಟೆಯಾದರೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಮಾರನೇ ದಿನ ಅರ್ಧ ಮಾಡಿ. ಕೀಲು ಊದಿ ಬಿಸಿಯಾದ ದಿನ ನಿಲ್ಲುವುದೇ ಬೇಡ. ಬೆನ್ನು ನೆಟ್ಟಗೆ ಕೂರುವಂಥ ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ, ಆ ತೆರೆದು ಮುಚ್ಚುವ ಕೈಯನ್ನಷ್ಟೇ ಮಾಡಿ. ಕೈ ಕೀಲೇ ಊದಿದ್ದರೆ ಅದೂ ಬೇಡ, ಉಸಿರಾಟವೊಂದೇ ಸಾಕು.