ಶ್ರೀರಂಗಪಟ್ಟಣದಿಂದ ಮೇಲುಕೋಟೆಗೆ: ಬಂಡಿದಾರಿ ಹಿಡಿದು ಸೈಕಲ್ ಸವಾರಿ

ಶ್ರೀರಂಗಪಟ್ಟಣದ ಕೋಟೆಯಿಂದ ಮೇಲುಕೋಟೆಯ ಕಲ್ಯಾಣಿಗೆ ಡಾಂಬರು ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ದೂರವಿದೆ. ಕಾರಿನಲ್ಲಿ ಹೋಗುವವರಿಗೆ ಅದು ಒಂದು ಗಂಟೆಯ ಮಾತು. ಅದೇ ದೂರವನ್ನು ಬಂಡಿದಾರಿ, ಕೆರೆ ಏರಿ, ಹೊಲದ ಬದಿಯ ಕಲ್ಲುಹಾದಿಗಳನ್ನು ಹಿಡಿದು ಮೌಂಟನ್ ಬೈಕ್‌ನಲ್ಲಿ ಕ್ರಮಿಸಲು ಹೊರಟರೆ ಬೆಳಗಿನಿಂದ ಸಂಜೆಯವರೆಗಿನ ಹೊತ್ತು ಬೇಕಾಗುತ್ತದೆ, ಮತ್ತು ಅಷ್ಟು ಹೊತ್ತನ್ನು ಕೊಡುವುದೇ ಸರಿ. 1771ರ ಮಾರ್ಚ್‌ನಲ್ಲಿ ಹೈದರಾಲಿಯ ಸೇನೆ ಮೇಲುಕೋಟೆಯ ಬೆಟ್ಟಗಳಿಂದ ರಾತ್ರಿಯ ಕತ್ತಲಲ್ಲಿ ಶ್ರೀರಂಗಪಟ್ಟಣದತ್ತ ಹಿಂದೆ ಸರಿಯಲು ಹೊರಟು, ದಾರಿಯಲ್ಲಿ ಚಿನಕುರಳಿಯ ಬಳಿ ಮರಾಠರ ತ್ರ್ಯಂಬಕರಾಯನ ಸೇನೆಯ ಕೈಗೆ ಸಿಕ್ಕಿ ಸೋತುಹೋಯಿತು. ಎತ್ತು, ಫಿರಂಗಿ, ಸಾವಿರಾರು ಕಾಲಾಳುಗಳೊಂದಿಗೆ ಈ ಸೀಮೆಯನ್ನು ರಾತ್ರಿಯಲ್ಲಿ ದಾಟುವುದೆಂದರೆ ಏನೆಂಬುದು ಕಾರಿನ ಕಿಟಕಿಯಿಂದ ಕಾಣುವುದಿಲ್ಲ. ಕಲ್ಲು, ಹಳ್ಳ, ದಿಣ್ಣೆಗಳನ್ನು ತುಳಿದು ದಾಟಿದವರ ತೊಡೆಗಳಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ. ಆದ್ದರಿಂದ ಈ ಸವಾರಿಯನ್ನು ವೇಗದ ಲೆಕ್ಕದಲ್ಲಿ ಯೋಜಿಸಬೇಡಿ. ಎಲ್ಲೆಲ್ಲಿ ಇಳಿದು ನೋಡಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಸ್ಥಳಗಳ ನಡುವೆ ದಾರಿಯನ್ನು ಹೆಣೆಯಿರಿ.

ಮೊದಲು ನಕಾಶೆ

ಹೊರಡುವುದಕ್ಕೆ ಒಂದು ವಾರ ಮೊದಲೇ ನಕಾಶೆಯ ಮುಂದೆ ಕೂರುವುದು ಒಳ್ಳೆಯದು. ಮೊಬೈಲ್ ನಕಾಶೆಗಳು ಡಾಂಬರು ರಸ್ತೆಯನ್ನು ಸರಿಯಾಗಿ ತೋರಿಸುತ್ತವೆ, ಆದರೆ ಹೊಲದ ನಡುವಿನ ದಾರಿ ಸಾರ್ವಜನಿಕರದೋ ಖಾಸಗಿಯದೋ ಎಂಬುದನ್ನು ಹೇಳುವುದಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳಲ್ಲಿ ಬಂಡಿದಾರಿಯನ್ನೂ ಕಾಲುದಾರಿಯನ್ನೂ ಬೇರೆ ಬೇರೆ ಚುಕ್ಕೆಗೆರೆಗಳಿಂದ ಗುರುತಿಸಿರುತ್ತಾರೆ. ಕರ್ನಾಟಕ ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರನ್ನು ನೋಡಬಹುದು. ಈ ಎರಡನ್ನೂ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ, ಸವೆದು ಬಿಳಿಚಿದ ಗೆರೆಯಾಗಿ ಕಾಣುವ ಬಂಡಿದಾರಿಗಳನ್ನು ಮಾತ್ರ ಆರಿಸಿಕೊಳ್ಳಿ. ನಕಾಶೆಯಲ್ಲಿದ್ದು ಚಿತ್ರದಲ್ಲಿ ಕಾಣದ ದಾರಿ ಬಹುಪಾಲು ಉಳುಮೆಗೆ ಸೇರಿಹೋಗಿರುತ್ತದೆ. ಗುರುತು ಮಾಡಿದ ದಾರಿಯನ್ನು ಫೋನಿನಲ್ಲಿ ಉಳಿಸಿಕೊಂಡು, ಮುಖ್ಯ ತಿರುವುಗಳನ್ನು ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ, ಏಕೆಂದರೆ ಬೆಟ್ಟಗಳ ಮರೆಯಲ್ಲಿ ಸಿಗ್ನಲ್ ಹೋಗುವುದುಂಟು.

ಇಷ್ಟಾದರೂ ದಾರಿಯಲ್ಲಿ ಕೇಳುವುದನ್ನು ಬಿಡಬಾರದು. ನಾನು ನಕಾಶೆಯನ್ನೇ ನಂಬಿ ಒಂದು ಉಪನಾಲೆಯ ಏರಿಗೆ ತಿರುಗುತ್ತಿದ್ದಾಗ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು, ‘ಆ ಕಡೆ ಓಗ್ಬ್ಯಾಡಿ ಸಾ, ಏರಿ ಕುಸ್ದದೆ’ ಎಂದು ತಡೆದರು. ಹತ್ತು ಹೆಜ್ಜೆ ನಡೆದು ನೋಡಿದಾಗ ಅವರ ಮಾತು ನಿಜವಾಗಿತ್ತು. ದೊಡ್ಡ ನಾಲೆಯ ವಿಷಯದಲ್ಲಂತೂ ನನ್ನದು ಖಚಿತವಾದ ಅಭಿಪ್ರಾಯ: ವಿಶ್ವೇಶ್ವರಯ್ಯ ನಾಲೆಯ ತಡೆಗೋಡೆಯಿಲ್ಲದ ಏರಿಯ ಮೇಲೆ ಸೈಕಲ್ ಓಡಿಸಲೇಬಾರದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ಹರಿಯುವ ನಾಲೆಗೆ ಬಿದ್ದವರಿಗೆ ಇಳಿಜಾರಾದ ಕಲ್ಲುಗಟ್ಟಿದ ದಡವನ್ನು ಹಿಡಿದು ಮೇಲೆ ಬರುವುದು ಬಹಳ ಕಷ್ಟ. ನಾಲೆಯನ್ನು ಸೇತುವೆಯಲ್ಲಿ ದಾಟಿ, ಹೊಲದ ಕಡೆಯ ದಾರಿಯನ್ನೇ ಹಿಡಿಯಿರಿ.

ಮೈಸೂರಿನಿಂದಲೇ ಸೈಕಲ್ ತುಳಿದು ಬರುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳ ಜೊತೆಗೆ ಮೋಟಾರು ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು.

ಕಾಲ ಮತ್ತು ಸೈಕಲ್

ಮಳೆ ನಿಂತ ಮೇಲೆ, ನವೆಂಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಈ ಸವಾರಿಗೆ ಹೇಳಿಮಾಡಿಸಿದವು. ಮಾರ್ಚ್ ಬಂದರೆ ಬಂಡೆಗಳು ಹನ್ನೊಂದು ಗಂಟೆಗೇ ಕಾಯುತ್ತವೆ. ಮಾರ್ಚ್–ಏಪ್ರಿಲ್‌ನಲ್ಲಿ ನಡೆಯುವ ವೈರಮುಡಿ ಉತ್ಸವದ ದಿನಗಳಲ್ಲಿ ಮೇಲುಕೋಟೆಯ ರಸ್ತೆ ಭಕ್ತರಿಗೆ ಸೇರಿದ್ದು. ಆಗ ಸೈಕಲ್ ತೆಗೆದುಕೊಂಡು ಹೋಗಬೇಡಿ.

ಸೈಕಲ್ ದುಬಾರಿಯದಾಗಬೇಕಿಲ್ಲ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ, ಡಿಸ್ಕ್ ಬ್ರೇಕಿನ, ಎರಡು ಇಂಚಿಗಿಂತ ಅಗಲವಾದ ಟೈರುಗಳ ಸೈಕಲ್ ಸಾಕು. ಹೆಚ್ಚಿನವರು ತಪ್ಪುವುದು ಗಾಳಿಯ ವಿಷಯದಲ್ಲಿ. ಡಾಂಬರಿಗೆ ಹೊಂದುವಂತೆ ಗಟ್ಟಿಯಾಗಿ ಗಾಳಿ ತುಂಬಿದ ಟೈರು ಕಲ್ಲಿನ ಮೇಲೆ ಹಿಡಿತವಿಲ್ಲದೆ ಪುಟಿಯುತ್ತದೆ. 65–70 ಕಿಲೋ ತೂಕದ ಸವಾರರು ಟ್ಯೂಬ್ ಇರುವ 2.2 ಇಂಚಿನ ಟೈರಿಗೆ 30 ಪಿಎಸ್‌ಐ ಆಸುಪಾಸಿನಲ್ಲಿ ತುಂಬಿ ಪರೀಕ್ಷಿಸಬಹುದು. ಇದಕ್ಕಿಂತ ಬಹಳ ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ಅಂಚಿಗೆ ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತುಗಳಾಗುತ್ತವೆ.

ಈ ಭಾಗದ ನಿಜವಾದ ಶತ್ರು ಜಾಲಿಮುಳ್ಳು. ಎರಡು ಟ್ಯೂಬು, ಪ್ಯಾಚು, ಸೊಲ್ಯೂಷನ್, ಟೈರ್ ಲಿವರ್, ಕೈಪಂಪು ಇಲ್ಲದೆ ಹೊರಡಬೇಡಿ. ಪಂಕ್ಚರ್ ಆದಾಗ ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಸವರಿ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿನ ತುದಿ ಇರುತ್ತದೆ. ಅದನ್ನು ಕೀಳದೆ ಹಾಕಿದ ಟ್ಯೂಬು ಒಂದು ಫರ್ಲಾಂಗೂ ಬಾಳುವುದಿಲ್ಲ. ನಿಮ್ಮ ಟ್ಯೂಬಿನದು ತೆಳುವಾದ ಪ್ರೆಸ್ಟಾ ವಾಲ್ವ್ ಆಗಿದ್ದರೆ ಅದಕ್ಕೆ ಹಾಕುವ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೊತೆಯಲ್ಲಿಟ್ಟುಕೊಳ್ಳಿ; ಆಗ ಊರಿನ ಯಾವ ಪಂಕ್ಚರ್ ಅಂಗಡಿಯಲ್ಲಾದರೂ ಬೈಕಿಗೆ ತುಂಬುವ ಹಾಗೆಯೇ ಗಾಳಿ ತುಂಬಿಸಬಹುದು. ಗೇರು ಬದಲಿಸುವಾಗ ಸರಪಳಿಯನ್ನು ಸರಿಸುವ ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಪುಟ್ಟ ತುಂಡೂ ಒಂದು ಹೆಚ್ಚಿಗೆ ಇರಲಿ. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡಿರುತ್ತಾರೆ. ಅದರ ಮೇಲೆ ಸೈಕಲ್ ಬಿಟ್ಟ ಒಮ್ಮೆ ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿ ನನ್ನ ಹ್ಯಾಂಗರ್ ಮುರಿಯಿತು; ಆ ಹೊಲದವರೇ ಕುಡುಗೋಲು ತಂದು ಬಳ್ಳಿ ಕೊಯ್ದು ಬಿಡಿಸಿಕೊಟ್ಟರು. ಅಂದಿನಿಂದ ಒಕ್ಕಣೆ ಕಂಡಲ್ಲಿ ಇಳಿದು, ಬದಿಯಲ್ಲಿ ತಳ್ಳಿಕೊಂಡೇ ಹೋಗುತ್ತೇನೆ. ಅದು ಒಬ್ಬರ ಮನೆಯ ಕಾಳು.

ಹೆಲ್ಮೆಟ್, ಕೈಗವಸು, ತಲಾ ಮೂರು ಲೀಟರ್ ನೀರು, ಹಿಂದೆ ಕೆಂಪು ದೀಪ: ಇವಿಷ್ಟು ಕಡ್ಡಾಯ.

ಕೋಟೆಯಿಂದ ಕರಿಘಟ್ಟಕ್ಕೆ

ಬೆಳಿಗ್ಗೆ ಆರಕ್ಕೆ ಕೋಟೆಯಿಂದ ಹೊರಡಿ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಈ ಕೋಟೆಯನ್ನು ನೋಡಲು ಬೇರೆಯದೇ ದಿನ ಬೇಕು. ಈ ದಿನ ಕಾವೇರಿಯ ಉತ್ತರದ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆಯನ್ನು ಮಾತ್ರ ನಿಂತು ನೋಡಿ. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದ ಈ ಸೇತುವೆಗೆ ಕಮಾನುಗಳಿಲ್ಲ. ಕಲ್ಲುಕಂಬ, ಅದರ ಮೇಲೆ ಕಲ್ಲುತೊಲೆ, ಅದರ ಮೇಲೆ ಚಪ್ಪಡಿ ಎಂಬಂತೆ ನಮ್ಮ ದೇವಾಲಯಗಳ ಮಂಟಪದ ರೀತಿಯಲ್ಲೇ ಕಟ್ಟಿದ್ದಾರೆ.

ಅಲ್ಲಿಂದ ಮೊದಲ ಏರು ಕರಿಘಟ್ಟ. ಲೋಕಪಾವನಿ ನದಿ ಕಾವೇರಿಯನ್ನು ಸೇರುವ ಕಡೆ ಎದ್ದು ನಿಂತಿರುವ ಈ ಬೆಟ್ಟದ ಮೇಲೆ ಶ್ರೀನಿವಾಸನ ಗುಡಿಯಿದೆ. ಮೆಟ್ಟಿಲುಗಳು ನಡೆಯುವವರಿಗೆ, ಸೈಕಲ್ಲಿಗೆ ವಾಹನದ ರಸ್ತೆಯಿದೆ. ಏರು ಶುರುವಾಗುವ ಮೊದಲೇ ಹಗುರವಾದ ಗೇರಿಗೆ ಬದಲಾಯಿಸಿ, ಏಕೆಂದರೆ ಭಾರ ಬಿದ್ದ ಸರಪಳಿಯನ್ನು ಏರಿನ ನಡುವೆ ಬದಲಾಯಿಸಿದರೆ ಅದು ಜಾರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಸೀಟಿನ ಮುಂತುದಿಗೆ ಸರಿದು ಕುಳಿತು, ಮೊಣಕೈ ಮಡಿಸಿ, ಎದೆಯನ್ನು ಹ್ಯಾಂಡಲಿನ ಕಡೆಗೆ ಬಾಗಿಸಿದರೆ ಮುಂದಿನ ಚಕ್ರ ಮೇಲೇಳುವುದಿಲ್ಲ.

ತುದಿಯಲ್ಲಿ ಅರ್ಧ ಗಂಟೆ ಕೂರಿ. ಒಂದು ಕಡೆ ದ್ವೀಪದಂತಿರುವ ಶ್ರೀರಂಗಪಟ್ಟಣ, ಇನ್ನೊಂದು ಕಡೆ ನೀವು ಹೋಗಬೇಕಾದ ಪಾಂಡವಪುರದ ಬಂಡೆಬೆಟ್ಟಗಳು ಕಾಣುತ್ತವೆ. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸ್ ತನ್ನ ಸೇನೆಯನ್ನು ಆ ಬಂಡೆಗಳ ಆಚೆ ಬೀಡುಬಿಡಿಸಿ, ಅದೇ ತಿಂಗಳ 6ರ ರಾತ್ರಿ ಮೂರು ದಂಡುಗಳಾಗಿ ಟಿಪ್ಪುವಿನ ಪಾಳೆಯದ ಮೇಲೆ ಕಳಿಸಿದ. ಮ್ಯಾಕ್ಸ್‌ವೆಲ್‌ನ ದಂಡಿಗೆ ಕೊಟ್ಟ ಗುರಿ ನೀವು ಕುಳಿತಿರುವ ಈ ಬೆಟ್ಟವೇ. ಇದು ಏಕೆ ಬೇಕಾಗಿತ್ತು ಎಂಬುದಕ್ಕೆ ವಿವರಣೆ ಬೇಕಿಲ್ಲ, ಕಣ್ಣೆದುರಿನ ನೋಟವೇ ಸಾಕು.

ಇಳಿಯುವಾಗ ಸೀಟನ್ನು ಎರಡು ಇಂಚು ತಗ್ಗಿಸಿ, ಪೆಡಲುಗಳನ್ನು ಒಂದೇ ಮಟ್ಟಕ್ಕೆ ತಂದು ಅವುಗಳ ಮೇಲೆ ನಿಂತು, ಸೊಂಟವನ್ನು ಹಿಂದಕ್ಕೆ ಸರಿಸಿ. ಎರಡೂ ಬ್ರೇಕುಗಳನ್ನು ಒಂದೊಂದು ಬೆರಳಿನಿಂದ ಬಿಟ್ಟುಬಿಟ್ಟು ಒತ್ತಿರಿ. ತಿರುವಿಗೆ ಮುನ್ನ ವೇಗ ಇಳಿಸಬೇಕೇ ಹೊರತು ತಿರುವಿನ ಒಳಗೆ ಮುಂದಿನ ಬ್ರೇಕನ್ನು ಹಿಡಿಯಬಾರದು. ಸಡಿಲ ಜಲ್ಲಿಯ ಮೇಲೆ ಬೀಳುವವರಲ್ಲಿ ಬಹಳಷ್ಟು ಮಂದಿ ಬೀಳುವುದು ಅಲ್ಲಿಯೇ.

ಹಿರೋಡೆ, ಕುಂತಿಬೆಟ್ಟ, ತೊಣ್ಣೂರು

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿಗೆ ನೆರವಾಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಕಬ್ಬಿನ ಗದ್ದೆಗಳ ನಡುವಿನ ಊರುದಾರಿಗಳಲ್ಲಿ ಬಂದರೆ ಎಂಟೂವರೆಯ ಹೊತ್ತಿಗೆ ಊರು ಸೇರಬಹುದು. ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಾದರೆ ಪೂರ್ತಿ ಬದಿಗಿಳಿದು ನಿಲ್ಲಿ. ಹೊರಚಾಚಿದ ಜಲ್ಲೆ ಮುಖಕ್ಕೆ ತಗಲುತ್ತದೆ. ತಿಂಡಿಯನ್ನು ಇಲ್ಲಿಯೇ ಮುಗಿಸಿ, ನೀರು ತುಂಬಿಸಿಕೊಳ್ಳಿ.

ಪಾಂಡವರು ತಾಯಿಯೊಂದಿಗೆ ಇಲ್ಲಿ ತಂಗಿದ್ದರೆಂದು ಜನ ನಂಬುವ ಕುಂತಿಬೆಟ್ಟದ ಮೇಲೆ ಸೈಕಲ್ ಹತ್ತಿಸುವ ಪ್ರಯತ್ನ ಬೇಡ. ಅದು ನಡೆದೇ ಏರಬೇಕಾದ ಬಂಡೆ. ಬುಡದಲ್ಲಿ ಬೀಗ ಹಾಕಿ ಹತ್ತಿ ಬನ್ನಿ, ಇಲ್ಲವೇ ಸುತ್ತಲಿನ ಮಣ್ಣುದಾರಿಯಲ್ಲಿ ಒಂದು ಸುತ್ತು ಹಾಕಿ ಮುಂದೆ ಸಾಗಿ.

ಈ ಇಡೀ ದಾರಿಯಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ತಾಣ ತೊಣ್ಣೂರು. ಬೆಟ್ಟಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ಕೆರೆ ಇದು. ಇಷ್ಟು ವಿಸ್ತಾರದ ನೀರನ್ನು ತಡೆಯಲು ಎಷ್ಟು ಚಿಕ್ಕ ಏರಿ ಸಾಕಾಗಿದೆ ಎಂಬುದನ್ನು ಅದರ ಮೇಲೆ ನಿಂತು ನೋಡಬೇಕು. ಕಟ್ಟಿದವರು ಬೆಟ್ಟಗಳನ್ನೇ ಕೆರೆಯ ಗೋಡೆಗಳನ್ನಾಗಿ ಮಾಡಿಕೊಂಡಿದ್ದಾರೆ. ತಿರುಮಲಸಾಗರ ಎಂಬ ಹೆಸರು ರಾಮಾನುಜಾಚಾರ್ಯರ ನೆನಪಿನೊಂದಿಗೆ ಬೆಸೆದುಕೊಂಡಿದ್ದರೆ, ಮುತ್ತಿನಂತೆ ತಿಳಿಯಾದ ನೀರಿಗಾಗಿ ‘ಮೋತಿ ತಲಾಬ್’ ಎಂಬ ಹೆಸರೂ ಬಂದಿದೆ. 1771ರ ಕದನವನ್ನು ಇತಿಹಾಸಕಾರರು ಈ ಕೆರೆಯ ಹೆಸರಿನಿಂದಲೂ ಗುರುತಿಸುತ್ತಾರೆ. ಪಕ್ಕದ ಊರಿನಲ್ಲಿ ಹೊಯ್ಸಳರ ಕಾಲದ ನಂಬಿನಾರಾಯಣ ದೇವಾಲಯವಿದೆ. ಬಿಸಿಲು ಏರಿರುವ ಹನ್ನೊಂದರಿಂದ ಮೂರರವರೆಗಿನ ಹೊತ್ತನ್ನು ಇಲ್ಲಿಯೇ ಕಳೆಯಿರಿ. ಕೆರೆ ಆಳವಾಗಿದೆ, ನೀರಿಗಿಳಿಯಬೇಡಿ.

ಹಳೆಯ ಕಲ್ಲಿನ ಬಳಿ ಅನುಸರಿಸಬೇಕಾದ ನಿಯಮ ಒಂದೇ: ಮೆಟ್ಟಿಲು, ಜಗಲಿ, ಕೋಟೆಗೋಡೆ, ವೀರಗಲ್ಲು ಇರುವಲ್ಲಿ ಸೈಕಲ್ಲಿನಿಂದ ಇಳಿಯಬೇಕು. ಸಾಹಸದ ವಿಡಿಯೊಗಾಗಿ ಗುಡಿಯ ಮೆಟ್ಟಿಲುಗಳ ಮೇಲೆ ಚಕ್ರ ಓಡಿಸುವವರನ್ನು ಕಂಡು ನನಗೆ ಬಹಳ ನೋವಾಗಿದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಕಾನೂನು ಇಲ್ಲದಿದ್ದರೂ, ಎಂಟುನೂರು ವರ್ಷ ಉಳಿದ ಅಂಚು ನಮ್ಮ ಚಕ್ರದಿಂದ ಮುಕ್ಕಾಗಬಾರದು.

ಕೊನೆಯ ಏರು

ಮೂರು ಗಂಟೆಗೆ ಹೊರಟು ಜಕ್ಕನಹಳ್ಳಿ ಮಾರ್ಗವಾಗಿ ಮೇಲುಕೋಟೆಯ ಏರನ್ನು ಹಿಡಿಯಿರಿ. ಇಲ್ಲಿ ಅಡ್ಡದಾರಿಯ ಆಸೆ ಬೇಡ. ಮೇಲುಕೋಟೆಯ ಕುರುಚಲು ಕಾಡು ತೋಳಗಳ ರಕ್ಷಣೆಗಾಗಿ 1974ರಲ್ಲಿ ಘೋಷಿಸಿದ ವನ್ಯಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರೊಳಗಿನ ಹಾದಿಗಳಿಗೆ ಹೋಗಬಾರದು. ಚಿರತೆಗಳೂ ಇರುವ ಸೀಮೆಯಾದ್ದರಿಂದ ಸೂರ್ಯ ಮುಳುಗುವ ಮೊದಲು ಊರು ಸೇರುವಂತೆ ಲೆಕ್ಕ ಹಾಕಿ. ದಣಿದ ಕಾಲಿಗೆ ಈ ಏರು ಉದ್ದವೆನಿಸುತ್ತದೆ. ಅತಿ ಹಗುರವಾದ ಗೇರಿನಲ್ಲಿ ಕುಳಿತೇ ತುಳಿಯಿರಿ. ಗುಂಪಿನಲ್ಲಿ ಅತ್ಯಂತ ನಿಧಾನವಾಗಿ ಏರುವವರನ್ನು ಮುಂದೆ ಬಿಟ್ಟರೆ ಯಾರೂ ಹಿಂದೆ ಒಂಟಿಯಾಗಿ ಉಳಿಯುವುದಿಲ್ಲ.

ಊರಿನ ಅಂಚಿನಲ್ಲಿ ಪೂರ್ತಿಯಾಗದೆ ಉಳಿದ ರಾಯಗೋಪುರದ ಎತ್ತರದ ಕಂಬಗಳೂ, ಅದಕ್ಕೆ ಸಮೀಪದಲ್ಲೇ ಅಕ್ಕ–ತಂಗಿ ಕೊಳಗಳೂ ಇವೆ. ಸಂಜೆಯ ಬೆಳಕಿನಲ್ಲಿ ಅವುಗಳನ್ನು ನೋಡಿ, ಯೋಗಾನರಸಿಂಹನ ಬೆಟ್ಟವನ್ನು ಮರುದಿನ ಬೆಳಿಗ್ಗೆಗೆ ಉಳಿಸಿಕೊಳ್ಳಿ. ರಾತ್ರಿ ತಂಗಲು ಛತ್ರದಲ್ಲಿ ಮೊದಲೇ ಹೇಳಿಟ್ಟಿರಬೇಕು. ಬೆಳಗಿನ ಹಸಿವಿಗೆ ಪುಳಿಯೋಗರೆ ಇದ್ದೇ ಇದೆ.

ಹಿಂತಿರುಗುವಾಗ ಪೂರ್ತಿ ದೂರ ತುಳಿಯಲು ಶಕ್ತಿಯಿಲ್ಲದವರು ಬೆಂಗಳೂರು–ಮೈಸೂರು ಮಾರ್ಗದಲ್ಲಿರುವ ಪಾಂಡವಪುರ ನಿಲ್ದಾಣದಿಂದ ರೈಲು ಹಿಡಿಯಬಹುದು. ಸೈಕಲ್ ಸಾಗಿಸುವ ವ್ಯವಸ್ಥೆಯನ್ನು ನಿಲ್ದಾಣದಲ್ಲಿ ಮುಂಚಿತವಾಗಿ ವಿಚಾರಿಸಿ. ಇಳಿಜಾರಿಗೆ ಹೊರಡುವ ಮುನ್ನ ಬ್ರೇಕ್ ಪ್ಯಾಡುಗಳ ದಪ್ಪವನ್ನು ನೋಡಿಕೊಳ್ಳಿ, ಮತ್ತು ಇಳಿದ ಕೂಡಲೇ ಡಿಸ್ಕ್ ಮುಟ್ಟಬೇಡಿ, ಅದು ಸುಡುತ್ತಿರುತ್ತದೆ. ಮನೆಗೆ ಬಂದ ರಾತ್ರಿಯೇ ಸರಪಳಿಯ ಕೆಮ್ಮಣ್ಣು ಒರೆಸಿ ಎಣ್ಣೆ ಹಾಕಿ, ಎರಡೂ ಟೈರುಗಳನ್ನು ದೀಪದ ಕೆಳಗೆ ನಿಧಾನವಾಗಿ ತಿರುಗಿಸುತ್ತಾ ಅರ್ಧ ನೆಟ್ಟು ನಿಂತ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು ತೆಗೆಯಿರಿ.